ಸೀಟಿ ಟೀಚರ್‌ಗೆ ಸುಸ್ತೆಷ್ಟು?

ಶಾಲೆಯ ಹುಡುಗಿಯರು ಆಕೆಗೆ ಇಟ್ಟ ಹೆಸರು ಸೀಟಿ ಟೀಚರ್. ಮೈದಾನದಲ್ಲಿ ಆಟ ಕಲಿಸುವಾಗ ಯಾರಾದರೂ ಏದುಸಿರು ಬಿಡುತ್ತಾ ಕುಳಿತರೆ, "ಸುಸ್ತು ಕಾಲಲ್ಲಿಲ್ಲ ಕಣ್ರೇ, ತಲೇಲಿದೆ. ಏಳಿ ಮೇಲೆ!" ಎಂದು ಸೀಟಿ ಊದುತ್ತಿದ್ದಳು.

ಎದೆಯ ಕ್ಯಾನ್ಸರಿಗೆ ಆಪರೇಷನ್, ಕೀಮೋ ಎಲ್ಲ ಮುಗಿದು ತಿಂಗಳುಗಳಾಗಿದ್ದವು. ಕೂದಲು ಮತ್ತೆ ಚಿಗುರಿತ್ತು. ನೋಡಿದವರೆಲ್ಲ "ಗೆದ್ದುಬಿಟ್ರಿ ಬಿಡಿ" ಎಂದು ಹೇಳಿ ತಮ್ಮ ತಮ್ಮ ದಾರಿ ಹಿಡಿದರು. ಮೊದಮೊದಲು ಊಟದ ಡಬ್ಬಿ ಹಿಡಿದು ಬರುತ್ತಿದ್ದ ಸಹೋದ್ಯೋಗಿಗಳು ಬರುವುದೂ ನಿಂತಿತು. ಅವಳೂ ಕರೆಯಲಿಲ್ಲ. ಕರೆದರೆ ಎದ್ದು ಬಾಗಿಲು ತೆರೆಯಬೇಕು, ನಗಬೇಕು. ಸ್ನಾನ ಮುಗಿಸಿದರೆ ಮೈ ಒರೆಸಿಕೊಳ್ಳುವ ತ್ರಾಣವೂ ಇಲ್ಲದೆ, ಒದ್ದೆ ಟವೆಲಿನಲ್ಲೇ ಮಂಚಕ್ಕೆ ಒರಗುತ್ತಿದ್ದಳು. ಎಷ್ಟು ಮಲಗಿದರೂ ದಣಿವು ಇಳಿಯುತ್ತಿರಲಿಲ್ಲ. ಬೇರೆ ಊರಿನಲ್ಲಿದ್ದ ತಮ್ಮ ಫೋನ್ ಮಾಡಿ ವಿಚಾರಿಸಿದರೆ ಮಾತ್ರ, "ಗುಂಡುಕಲ್ಲಿನ ಹಾಗಿದೀನಿ" ಎನ್ನುತ್ತಿದ್ದಳು.

ಆ ಸಲದ ತಪಾಸಣೆಗೆ ತಮ್ಮನೇ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ನರ್ಸ್ ತೂಕ ನೋಡಿ, ಬಿಪಿ ನೋಡಿ ಕೇಳಿದಳು: "ಸುಸ್ತು ಹೇಗಿದೆ? ಏನೂ ಇಲ್ಲ ಅಂದ್ರೆ ಸೊನ್ನೆ, ಇದಕ್ಕಿಂತ ಜಾಸ್ತಿ ಆಗೋಕೇ ಸಾಧ್ಯ ಇಲ್ಲ ಅಂದ್ರೆ ಹತ್ತು."

"ಎರಡು."

ನರ್ಸ್ ಬರೆದುಕೊಳ್ಳಲಿಲ್ಲ. "ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದ್ರಿ, ಹೇಳಿ."

"ಏನ್ ಮಾಡ್ತೀನಿ ಸಿಸ್ಟರ್, ರಾಣಿ ಥರ ಮಲಗಿದ್ದೆ."

ತಮ್ಮ ನಕ್ಕ. ನರ್ಸ್ ನಗಲಿಲ್ಲ. "ಮಲಗೋಕೆ ಮುಂಚೆ?"

"ಹಲ್ಲುಜ್ಜಿದೆ."

"ತಿಂಡಿ?"

"ಮಾಡೋಣ ಅಂತ ಒಲೆ ಹಚ್ಚಿದೆ..." ಅವಳ ದನಿ ಸಣ್ಣಗಾಯಿತು. "ಆಗ್ಲಿಲ್ಲ. ಆರಿಸಿ ಮಲಗಿದೆ."

"ಊಟ?"

"ಬಿಸ್ಕತ್ತಿತ್ತು."

"ಯಾರ ಹತ್ರಾನಾದ್ರೂ ಮಾತಾಡಿದ್ರಾ?"

"ಇವನ ಹತ್ರ. ಫೋನಲ್ಲಿ. ಚೆನ್ನಾಗಿದೀನಿ ಅಂದೆ."

ತಮ್ಮ ತಲೆ ತಗ್ಗಿಸಿದ.

"ಈಗ ಹೇಳಿ, ಎಷ್ಟು?"

"ಎಂಟು," ಎಂದಳು, ಸೋತವಳ ಹಾಗೆ. ನರ್ಸ್ ಪೆನ್ನೆತ್ತಿದಾಗ, "ಒಂಬತ್ತು ಅಂತ ಬರ್ಕೊಂಡ್ರೂ ತಪ್ಪಿಲ್ಲ" ಎಂದಳು.

ಹೊರಗೆ ಬಂದಾಗ ತಮ್ಮ ಕೇಳಿದ: "ನನಗ್ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳೋಕೂ ಶಕ್ತಿ ಬೇಕಲ್ಲೋ."

ರಕ್ತ ಪರೀಕ್ಷೆಯಲ್ಲಿ ರಕ್ತ ಕಮ್ಮಿ ಇರುವುದೂ ಥೈರಾಯ್ಡ್ ತೊಂದರೆಯೂ ಗೊತ್ತಾದವು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಇವು ಸರಿಹೋದ್ರೂ ಸುಸ್ತು ಸ್ವಲ್ಪ ಉಳಿಯಬಹುದು. ಇದು ಸೋಮಾರಿತನ ಅಲ್ಲಮ್ಮ, ಕಾಯಿಲೆಯ ಬಾಲ. ದಿನಾ ಸ್ವಲ್ಪ ನಡೀರಿ, ಸಾಕಾಯ್ತು ಅನ್ನೋಕೆ ಮುಂಚೆ ನಿಲ್ಲಿಸಿ" ಎಂದರು. ಹಾಗೆ ನಿಲ್ಲಿಸಲು ಅವಳು ಯಾರಿಗೂ ಎಂದೂ ಹೇಳಿದವಳಲ್ಲ.

ತಮ್ಮ ಎರಡು ದಿನ ಉಳಿದ. ತಿಳಿದಷ್ಟು ಅಡುಗೆ ಮಾಡಿ ಫ್ರಿಜ್ಜಿನಲ್ಲಿಟ್ಟ. ಅವನಿಗೂ ಮನೆ, ಮಕ್ಕಳು, ಕೆಲಸ, ಹೊರಡಲೇಬೇಕಿತ್ತು. ಅವನು ಹೋದ ಮೇಲೆ ಮನೆ ಮೊದಲಿಗಿಂತ ದೊಡ್ಡದಾದಂತೆ ಕಂಡಿತು.

ಮಾತ್ರೆಗಳು ಕೆಲಸ ಮಾಡಿದವು. ಎಂಟು ನಿಧಾನಕ್ಕೆ ಆರಕ್ಕಿಳಿದು ಅಲ್ಲೇ ನಿಂತಿತು. ಒಲೆ ಹಚ್ಚಿದರೆ ಅಡುಗೆ ಮುಗಿಸುವಷ್ಟು ಚೇತರಿಸಿಕೊಂಡಳು. ಶಾಲೆಗೆ ಹಾಕಿದ ರಜೆ ಇನ್ನೂ ಮುಗಿದಿರಲಿಲ್ಲ.

ಒಂದು ಸಂಜೆ ನಡೆಯಲು ಹೋದವಳಿಗೆ ಬೀದಿಯ ಕೊನೆಯಲ್ಲಿ ಕಾಲು ಸೋತಿತು. ಮುಚ್ಚುತ್ತಿದ್ದ ಹೊಲಿಗೆ ಅಂಗಡಿಯ ಮೆಟ್ಟಿಲಿನ ಮೇಲೆ ಕುಳಿತಳು. ಜನ ದಾಟಿಹೋಗುತ್ತಿದ್ದರು.

"ಯಾರಿಗಾದ್ರೂ ಕಾಯ್ತಿದೀರಾ?" ಅಂಗಡಿಯವಳು ಕೇಳಿದಳು.

"ಇಲ್ಲಮ್ಮ. ಸುಸ್ತಾಗಿದೆ. ಮನೆ ಮೂರನೇ ಮಹಡೀಲಿದೆ."

ಅಂಗಡಿಯವಳು ಒಳಗಿನಿಂದ ಸ್ಟೂಲು ತಂದಿಟ್ಟಳು. "ಮೆಟ್ಟಿಲು ತಣ್ಣಗಿರುತ್ತೆ, ಇದರ ಮೇಲೆ ಕೂತ್ಕೊಳ್ಳಿ. ಹೋಗುವಾಗ ಇಲ್ಲೇ ಬಿಟ್ಟು ಹೋಗಿ." ಷಟರ್ ಎಳೆದು, ಬೀಗ ಜಗ್ಗಿ ನೋಡಿ, ಬಸ್ಸು ಹಿಡಿಯಲು ಓಡಿದಳು.

ಟೀಚರ್ ಸ್ಟೂಲಿನ ಮೇಲೆ ಕುಳಿತಳು. ಬೀದಿಯ ದೀಪಗಳು ಹತ್ತಿಕೊಂಡವು. ಅವಳಿಗೆ ಏಳುವ ಆತುರವೇನೂ ಇರಲಿಲ್ಲ.