ಅರವತ್ತೆರಡು ಮಣಿಗಳ ಸರ

ಅಖ್ತರಿಗೆ ಸಿಕ್ಕ ಕೆಲಸದ ಹೆಸರು ಚನ್ನಪಟ್ಟಣದ ಆ ಬೀದಿಯಲ್ಲಿ ಯಾರ ನಾಲಿಗೆಯಲ್ಲೂ ನೆಟ್ಟಗೆ ಹೊರಳಲಿಲ್ಲ. ಇಂಟರ್ನ್‌ಶಿಪ್ ಎಂದರೆ ಆರು ತಿಂಗಳು ಕಲಿಯುತ್ತಾ ದುಡಿಯುವುದು ಅಷ್ಟೇ ಎಂದು ಅವಳು ಬಿಡಿಸಿ ಹೇಳಿದರೂ ತಾಯಿ ರೋಶನ್ ಬೀ ಕಿವಿಗೆ ಹಾಕಿಕೊಳ್ಳಲಿಲ್ಲ. “ನಮ್ ಹುಡುಗಿ ಆಫೀಸರ್ ಆಗವ್ಳೆ” ಎಂದು ನಲ್ಲಿ ಹತ್ತಿರ ಸಾರಿಯೇಬಿಟ್ಟಳು. ಹೆತ್ತವಳ ಬಾಯಿಗೆ ಬೀಗ ಹಾಕುವವರು ಯಾರು?

ಆಫೀಸೆಂದರೆ ತೀರಿಕೊಂಡ ಚಿತ್ರಕಾರ ಕರಿಯಪ್ಪನವರ ಮನೆ. ಗುಡೇಮಾರನಹಳ್ಳಿಯಿಂದ ಬಂದು ಇಲ್ಲೇ ನೆಲೆಸಿದ್ದ ಅವರು ಮನೆ, ಚಿತ್ರ, ಕಾಗದಪತ್ರ ಎಲ್ಲವನ್ನೂ ತಮ್ಮ ಹೆಸರಿನ ಪ್ರತಿಷ್ಠಾನಕ್ಕೆ ಬರೆದಿಟ್ಟು ಹೋಗಿದ್ದರು. ಒಂದೊಂದೇ ಪೆಟ್ಟಿಗೆ ಬಿಚ್ಚಿ, ಧೂಳು ಒರೆಸಿ, ಪಟ್ಟಿ ಮಾಡುವುದು ಅಖ್ತರಿಯ ಕೆಲಸ. ಮೇಲ್ವಿಚಾರಕಿ ಶಿವಲಿಂಗಮ್ಮ ಮೊದಲ ದಿನವೇ ಎಚ್ಚರಿಸಿದ್ದರು: “ಸಾಮಾನು ಯಾವ ಕ್ರಮದಲ್ಲಿ ಸಿಗ್ತದೋ ಅದೇ ಕ್ರಮದಲ್ಲಿರಬೇಕು ಕಣಮ್ಮ. ಅದೊಂದು ಕೆಟ್ರೆ ಎಲ್ಲಾ ಕೆಟ್ಟಂಗೆ.”

ಏಳನೆಯ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಮರದ ಮಣಿಗಳ ಸರವೊಂದಿತ್ತು. ಅರವತ್ತೆರಡು ಮಣಿ. ದಾರ ಲಡ್ಡಾಗಿತ್ತು. ಒರೆಸಲೆಂದು ಅಖ್ತರಿ ಮಣಿಗಳನ್ನು ಬಿಡಿಸಿದಳು. ಆರು ವರ್ಷದವಳಿದ್ದಾಗಿನಿಂದ ಮನೆಯಲ್ಲಿ ಬಣ್ಣಕ್ಕೆ ಬಣ್ಣ ಕೂಡಿಸಿ ಮಣಿ ಪೊಟ್ಟಣ ಕಟ್ಟಿದ ಕೈ ಅದು, ಸುಮ್ಮನಿರುತ್ತದೆಯೇ? ಕೆಂಪು ಕೆಂಪಿನ ಜೊತೆ, ಹಳದಿ ಹಳದಿಯ ಜೊತೆ. ಹತ್ತು ನಿಮಿಷದಲ್ಲಿ ಆರು ಗುಡ್ಡೆ ಎದ್ದವು. ನೋಡಿ ತಾನೇ ಮೆಚ್ಚಿಕೊಂಡಳು.

ಪೆಟ್ಟಿಗೆಯ ತಳದಲ್ಲಿದ್ದ ನೋಟ್‌ಬುಕ್ ತೆರೆದು ಓದತೊಡಗಿದಳು. ಅರಿಶಿನ, ನೀಲಿ ಸೊಪ್ಪು, ಮರದ ತೊಗಟೆಗಳಿಂದ ಆಟಿಕೆಗೆ ಬಣ್ಣ ತೆಗೆಯಲು ಕರಿಯಪ್ಪನವರು ವಾರಗಟ್ಟಲೆ ಮಾಡಿದ ಪ್ರಯೋಗಗಳೆಲ್ಲ ಅದರಲ್ಲಿದ್ದವು. “ಸರದ ಎಂಟನೆಯದು: ಒಂದು ಗಂಟೆ ಕುದಿಸಿದ್ದು.” “ಒಂಬತ್ತನೆಯದು: ಸುಣ್ಣ ಸೇರಿಸಿದ್ದು.” ಬಣ್ಣದ ಹೆಸರೇ ಇಲ್ಲ, ಬರೀ ಲೆಕ್ಕ. ಸರ ಹೋದರೆ ನೋಟ್‌ಬುಕ್ಕೂ ಹೋದಂತೆ.

ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಶಿವಲಿಂಗಮ್ಮ ರೇಗಲೂ ಇಲ್ಲ, ಅದೇ ಹೆಚ್ಚು ನೋವಾಯಿತು. “ಶುಕ್ರವಾರ ಟ್ರಸ್ಟಿನವರು ಬರ್ತಾರೆ. ಅಷ್ಟರಲ್ಲಿ ಸರಿಹೋಗದಿದ್ರೆ ನಿನ್ನನ್ನ ಉಳಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ.”

ಮನೆಯಲ್ಲಿ ಅಖ್ತರಿ ಎಲ್ಲವನ್ನೂ ಹೇಳಿ ಅತ್ತಳು. ರೋಶನ್ ಬೀ ಸಮಾಧಾನ ಮಾಡುವುದನ್ನು ಬಿಟ್ಟು ಮಣಿ ಎಷ್ಟು ದಪ್ಪವಿದ್ದವೆಂದು ಕೇಳಿದಳು. ನೆಲ್ಲಿಕಾಯಿಯಷ್ಟು ಎಂದು ಮಗಳು ಹೇಳಿದ ಮೇಲೆ, “ಅವು ಕರಿಯಪ್ಪಯ್ಯ ನಮ್ ಆಟಿಕೆ ಕಾರ್ಖಾನೇಲಿ ಮಾಡ್ಸಿದ್ವು. ಅರಗು ಹಾಕಿದ್ದು ನಾನು” ಎಂದಳು. ಮಾರನೆಯ ಬೆಳಿಗ್ಗೆ ಬುರ್ಖಾ ತೊಟ್ಟು, ಕನ್ನಡಕ ಏರಿಸಿ, ಮಗಳಿಗಿಂತ ಮುಂದೆ ನಡೆದಳು.

ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಮೇಲೆ ತಾಳೆಗರಿ ಹಿಡಿದು ಹೊಳಪು ಕೊಡುವುದು ಇಲ್ಲಿನ ಪದ್ಧತಿ. ಬಣ್ಣ ಬದಲಾದಾಗ ಗರಿಯನ್ನೂ ಬದಲಿಸಬೇಕು. ರೋಶನ್ ಬೀಗೆ ಆ ತಾಳ್ಮೆ ಇರಲಿಲ್ಲ. ಕರಿಯಪ್ಪನವರ ಮಣಿಗಳಿಗೆಲ್ಲ ಒಂದೇ ಗರಿ ಇಟ್ಟುಕೊಂಡು ಉಜ್ಜಿದ್ದಳು, ಹಿಂದಿನ ಮಣಿಯ ಬಣ್ಣ ಮುಂದಿನದಕ್ಕೆ ಅಂಟುತ್ತದೆಂದು ಕಾರ್ಖಾನೆಯಲ್ಲಿ ಬೈಸಿಕೊಂಡಿದ್ದಳು.

“ತೂತಿನ ಅಂಚು ನೋಡವ್ವ” ಎಂದು ಶಿವಲಿಂಗಮ್ಮನ ಮುಂದೆ ಒಂದು ಕೆಂಪು ಮಣಿ ಹಿಡಿದಳು. “ಒಸಿ ಹಳದಿ ಮೆತ್ಕಂಡೈತಲ್ಲ, ಇದ್ರ ಹಿಂದಿಂದು ಹಳದಿ. ಅಯ್ಯ ಮಾಡ್ಸಿದ್ದಂಗೇ ದಾರಕ್ಕೆ ಏರಿಸ್ತಿದ್ರು.”

ಭೂತಗನ್ನಡಿ ಹಿಡಿದು ಶಿವಲಿಂಗಮ್ಮ ಬಹಳ ಹೊತ್ತು ನೋಡಿದರು. ಹಳದಿ ಇತ್ತು. ಅಂಚಿನಲ್ಲಿ ಯಾವ ಕಲೆಯೂ ಇಲ್ಲದ ಒಂದೇ ಒಂದು ಮಣಿ ಸಿಕ್ಕಿತು, ಅದೇ ಮೊದಲನೆಯದು. ಅಲ್ಲಿಂದ ಒಂದಕ್ಕೊಂದು ಕೊಂಡಿ ಹಿಡಿಯುತ್ತಾ ಮೂರು ದಿನ ಕೂತರು. ಮಗಳ ಕಣ್ಣಿಗೆ ಒಂದೇ ಎಂದು ಕಂಡ ಎರಡು ಹಸಿರು ತಾಯಿಯ ಕಣ್ಣಿಗೆ ಬೇರೆ ಬೇರೆ. ಐವತ್ತೊಂಬತ್ತು ಮಣಿ ನೋಟ್‌ಬುಕ್ಕಿಗೆ ಲೆಕ್ಕದಂತೆ ಜಾಗ ಸೇರಿದವು. ಉಳಿದ ಮೂರನ್ನು ಅಂದಾಜಿನಲ್ಲಿ ಸೇರಿಸೋಣವೇ ಎಂದು ಅಖ್ತರಿ ಕೇಳಿದಳು. “ಗೊತ್ತಿಲ್ದಿದ್ದು ಗೊತ್ತಿಲ್ಲ ಅಂತ್ಲೇ ಮಡಗು” ಎಂದಳು ರೋಶನ್ ಬೀ. ತಾಯಿಯನ್ನು ಇಷ್ಟು ವರ್ಷ ತಾನು ನೋಡಿಯೇ ಇರಲಿಲ್ಲವೆಂದು ಅಖ್ತರಿಗೆ ಅನ್ನಿಸಿತು.

ಗುರುವಾರ ಶಿವಲಿಂಗಮ್ಮ ಕಂಪ್ಯೂಟರಿನಲ್ಲಿ ಪಟ್ಟಿ ತೆರೆದರು. “ಮಾಡಿದವರು ಅನ್ನೋ ಕಡೆ ಕರಿಯಪ್ಪನವರ ಜೊತೆ ನಿಮ್ಮ ಹೆಸರೂ ಬರ್ತದೆ ರೋಶನಮ್ಮ. ಆದ್ರೆ ಸರ ಬಿಡಿಸಿದ್ದು ಯಾರು ಅಂತಲೂ ಬರೀಬೇಕು. ಅದು ನಿಯಮ.”

ಅಖ್ತರಿ ತಲೆ ತಗ್ಗಿಸಿದಳು. ರೋಶನ್ ಬೀ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

“ಬರೀರಿ. ಕೆಡಿಸಿದ್ದು ನನ್ ಮಗಳು, ಸರಿ ಮಾಡಿದ್ದು ನಾನು. ಎರಡೂ ನಮ್ಮನೇದೇ ಅಲ್ವಾ.”

ಅಖ್ತರಿ ಎರಡನ್ನೂ ಟೈಪ್ ಮಾಡಿದಳು. ಓದಲು ಬಾರದ ತಾಯಿ ಪರದೆಯ ಹತ್ತಿರ ಮುಖ ತಂದು, ತನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ಮಗಳು ಬೆರಳಿಟ್ಟು ತೋರಿಸಿ ಓದಿದಳು.

“ಇನ್ನೊಂದ್ಸಲ ಓದು” ಎಂದಳು ರೋಶನ್ ಬೀ.