ಇಕ್ಕಳ ದೊಡ್ಡಪ್ಪ

ಚಳಿಗಾಲದ ರಜೆಗೆಂದು, ಪೇಟೆಯಲ್ಲಿ ಬಟ್ಟೆ ಹೊಲಿಯುವ ಟೈಲರ್ ತನ್ನ ಹೆಂಡತಿ, ಮಗಳೊಂದಿಗೆ ಹುಟ್ಟೂರಿಗೆ ಬಂದಿಳಿದಾಗ ದೊಡ್ಡಪ್ಪ ಮರಗೆಲಸದ ಅಂಗಡಿಯ ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ತು ದಾಟಿದರೂ ಆಳು ಕಲ್ಲುಗುಂಡು. ಊರವರು ಬೆನ್ನ ಹಿಂದೆ ಅವರನ್ನು ‘ಇಕ್ಕಳ’ ಅನ್ನುತ್ತಿದ್ದರು. ಮನೆಗೆ ಬಂದ ಮಕ್ಕಳ ಕೈ ಹಿಡಿದು ಹಿಸುಕುವುದು ಅವರ ಆಟ. ‘ಸೋತೆ’ ಅಂದರೆ ಮಾತ್ರ ಬಿಡುತ್ತಿದ್ದರು. ಟೈಲರ್‌ನ ಎಡಗೈ ಕಿರುಬೆರಳು ಒಂಬತ್ತನೇ ವಯಸ್ಸಿನಲ್ಲಿ ಸೊಟ್ಟಗಾಗಿದ್ದು ಆ ಆಟದಲ್ಲೇ.

“ಅಂಥ ಮನೆಗೆ ಯಾಕೆ ಹೋಗ್ಬೇಕು?” ಎಂದು ಹೆಂಡತಿ ಹೊರಡುವ ಮೊದಲೇ ಕೇಳಿದ್ದಳು.

“ಅಪ್ಪ ಹೋದಮೇಲೆ ನನಗೆ ಊರು ಅಂತ ಉಳಿದಿರೋದು ಅದೊಂದೇ ಮನೆ. ವಯಸ್ಸಾಗಿದೆ, ಈಗ ಮೆತ್ತಗಾಗಿರ್ತಾರೆ ಬಿಡು” ಎಂದು ಅವನು ಅವಳ ಬಾಯಿ ಮುಚ್ಚಿಸಿದ್ದ.

ಮೂರು ದಿನ ಚೆನ್ನಾಗಿಯೇ ಕಳೆಯಿತು. ನಾಲ್ಕನೆಯ ಬೆಳಿಗ್ಗೆ ಹೆಂಗಸರು ಒಳಗೆ ಅಡುಗೆಮನೆಯಲ್ಲಿದ್ದರು. ಅಂಗಡಿಯಲ್ಲಿ ದೊಡ್ಡಪ್ಪನ ಮಗ ಹಲಗೆ ಕೀಸುತ್ತಿದ್ದ. ನಲವತ್ತೈದರ ಆಸಾಮಿ, ಅಪ್ಪನೆದುರು ಇವತ್ತಿಗೂ ತುಟಿ ಪಿಟಕ್ಕೆನ್ನದವನು. ಟೈಲರ್ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಮಗಳು ಮರದ ಚೂರಿನ ಮೇಲೆ ಪೆನ್ಸಿಲಿನಿಂದ ಕುದುರೆ ಬರೆಯುತ್ತಿದ್ದಳು.

“ಬಾರೇ ಪುಟ್ಟಿ, ಕೈ ಕೊಡು ನೋಡೋಣ” ಎಂದರು ದೊಡ್ಡಪ್ಪ. “ನಿಮ್ಮಪ್ಪ ಸೂಜಿ ಹಿಡಿಯೋ ಗಂಡಸು. ಹತ್ತು ಎಣಿಸೋದ್ರೊಳಗೆ ಗೊಳೋ ಅಂದಿದ್ದ.”

ಟೈಲರ್ ಹಳೆಯ ಅಭ್ಯಾಸದಂತೆ ಹಲ್ಲು ಕಿರಿದ. ಮಗಳು ಕೈ ಚಾಚಿದಳು. ನೋಡನೋಡುತ್ತ ಅವಳ ಮುಖ ಬಿಳಿಚಿಕೊಂಡಿತು.

“ಸೋತೆ ಅನ್ನು.”

ಅವಳು ತುಟಿ ಕಚ್ಚಿ ಇಲ್ಲವೆಂದು ತಲೆಯಾಡಿಸಿದಳು.

“ದೊಡ್ಡಪ್ಪ, ಸಾಕು. ಬಿಡಿ.”

“ನೀನು ಸುಮ್ನಿರೋ. ನಿನಗಿಂತ ಇವಳೇ ವಾಸಿ.”

“ಬಿಡಿ ಅಂದೆ!”

ಪಟ್ಟೆಂದು ಒಣಕಡ್ಡಿ ಮುರಿದಂಥ ಸದ್ದು. ಮಗಳು ಕಿರುಚಿದಳು. ಬೆಂಚಿನ ಮೇಲಿದ್ದ ಮರದ ಸುತ್ತಿಗೆ ಯಾವಾಗ ತನ್ನ ಕೈಗೆ ಬಂತೋ ಟೈಲರ್‌ಗೆ ತಿಳಿಯಲಿಲ್ಲ. ಮೊದಲ ಏಟು ದೊಡ್ಡಪ್ಪನ ಮಣಿಕಟ್ಟಿಗೆ ಬಿತ್ತು. ಎರಡನೆಯದಕ್ಕೆ ಹಿಡಿತ ಬಿಟ್ಟಿತು. ಮೂರನೆಯದಕ್ಕೆ ಕಾರಣವೇ ಇರಲಿಲ್ಲ. ಆದರೂ ಹೊಡೆದ, ಬಾಯಿಗೆ. ಹಲ್ಲು ಮುರಿದ ಸದ್ದು ಕೇಳಿ ಅವನ ಎದೆಯೊಳಗೆ ಏನೋ ತಣ್ಣಗಾಯಿತು.

ದೊಡ್ಡಪ್ಪ ಬೀಳಲಿಲ್ಲ. ಉಳಿದ ಒಂದೇ ಕೈಯಲ್ಲಿ ಅವನ ಕುತ್ತಿಗೆ ಹಿಡಿದು ಬೆಂಚಿಗೆ ಒತ್ತಿದರು. “ಉಂಡ ಮನೆಗೇ ಎರಡು ಬಗೀತೀಯೇನೋ!” ರಕ್ತ ಟೈಲರ್‌ನ ಕಣ್ಣಿಗೆ ಸಿಡಿಯಿತು. ಉಸಿರು ನಿಂತು ಸೂರು ಕಪ್ಪಾಗತೊಡಗಿತು. ದೊಡ್ಡಪ್ಪ ಮಗನತ್ತ ತಿರುಗಿ, “ನೋಡ್ತಾ ನಿಂತಿದೀಯಲ್ಲೋ ದಂಡಪಿಂಡ, ಇವನ ಕಾಲು ಹಿಡ್ಕೋ!” ಎಂದು ಅಬ್ಬರಿಸಿದರು.

ಮಗ ಬಂದ. ಬಂದವನು ಹಿಡಿದದ್ದು ಅಪ್ಪನ ಕೊರಳಪಟ್ಟಿ. ಹಿಂದಕ್ಕೆಳೆದು ನೆಲಕ್ಕೆ ಕೆಡವಿ ಒದ್ದ. ಮತ್ತೆ ಒದ್ದ. “ನಲವತ್ತು ವರ್ಷ!” ಎನ್ನುತ್ತ ಪಕ್ಕೆಗೆ, “ನಲವತ್ತು ವರ್ಷ!” ಎನ್ನುತ್ತ ಹೊಟ್ಟೆಗೆ. ದೊಡ್ಡಪ್ಪ ಮರದ ಹೊಟ್ಟಿನಲ್ಲಿ ಮುದುಡಿಕೊಂಡರು. ಟೈಲರ್ ಕೆಮ್ಮುತ್ತ ಎದ್ದು ಹಿಂದಿನಿಂದ ಅವನನ್ನು ತಬ್ಬಿ ಹಿಡಿದ. ಅವನ ಮೊಣಕೈ ತಗುಲಿ ಟೈಲರ್‌ನ ಮೂಗೊಡೆಯಿತು. ಆದರೂ ಬಿಡಲಿಲ್ಲ.

“ಸತ್ತೋಗ್ತಾರೆ ಅಣ್ಣ! ಸಾಕು!”

“ಸಾಯ್ಲಿ!” ಎಂದ ಮಗ. ಎಂದವನೇ ಕುಸಿದು ಕೂತು ಬಿಕ್ಕಿದ.

ಗಲಾಟೆ ಕೇಳಿ ಓಡಿಬಂದ ಟೈಲರ್‌ನ ಹೆಂಡತಿ ಮಗಳನ್ನು ಬಾಚಿ ತಬ್ಬಿಕೊಂಡಳು. ಅವಳ ಹಿಂದೆಯೇ ಬಂದ ದೊಡ್ಡಮ್ಮ ಗಂಡನ ಕಡೆ ಒಮ್ಮೆ ನೋಡಿದರು, ಅಷ್ಟೆ. ಮಗುವಿನ ಕೈಯನ್ನು ಟವೆಲಿನಲ್ಲಿ ಸುತ್ತಿ, “ಮೊದಲು ಇವಳನ್ನ ಆಸ್ಪತ್ರೆಗೆ ಕರ್ಕೊಂಡು ನಡೀರಿ. ಅವರದ್ದು ಆಮೇಲೆ” ಎಂದರು.

ಮಗಳ ಎರಡು ಬೆರಳು ಮುರಿದಿದ್ದವು. ದೊಡ್ಡಪ್ಪನ ಮಣಿಕಟ್ಟು ನುಚ್ಚುನೂರಾಗಿತ್ತು, ಮೂರು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಡಾಕ್ಟರು ಕೇಳಿದಾಗ ಅವರು ಹಲಗೆ ಬಿತ್ತೆಂದು ತಾವೇ ಹೇಳಿ ಗೋಡೆಯತ್ತ ತಿರುಗಿ ಮಲಗಿದರು. ಮಗ ಅವತ್ತೇ ತನ್ನ ಉಳಿ, ಗರಗಸ ಕಟ್ಟಿಕೊಂಡು ಮನೆ ಬಿಟ್ಟ.

ರಜೆ ಇನ್ನೂ ಆರು ದಿನ ಇರುವಾಗಲೇ ಮೂವರೂ ಬಸ್ಸು ಹತ್ತಿದರು. ಕಿಟಕಿಯಿಂದ ಕೊರೆಯುವ ಗಾಳಿ ಬರುತ್ತಿತ್ತು. ಮಗಳ ಉಣ್ಣೆಯ ಟೋಪಿ ಸರಿಪಡಿಸಲು ಟೈಲರ್ ಕೈ ಚಾಚಿದ. ಅವಳು ಬೆಚ್ಚಿಬಿದ್ದು ಅಮ್ಮನ ಮಗ್ಗುಲಿಗೆ ಸರಿದಳು.

“ಚಳಿಗೆ ನಡುಗ್ತಿದಾಳೆ” ಎಂದಳು ಹೆಂಡತಿ, ಅವನ ಮುಖ ನೋಡದೆ.

ಅವನು ಹೂಂ ಎಂದು ಕೈ ಹಿಂತೆಗೆದುಕೊಂಡ.