ಓದದೆ ಸುಟ್ಟ ಪುಸ್ತಕ

ಜೊಂಬಾ ಊರಿನ ನಮ್ಮ ಚರ್ಚಿನಲ್ಲಿ ಮಕ್ಕಳ ಪುಸ್ತಕ ಆರಿಸುವ ಹೊಣೆ ಎಲೂಬಿಯದು. ತಾಯಿ ಸತ್ತ ಹುಡುಗಿಯೊಬ್ಬಳು ದೇವರನ್ನು ಬೈಯುವ ಪುಟ ಕಣ್ಣಿಗೆ ಬಿದ್ದದ್ದೇ ತಡ, ಆಕೆ ಆ ಕಾದಂಬರಿಯನ್ನು ಒಲೆಗೆ ಹಾಕಿದ್ದಳು.

ಭಾನುವಾರ ಆರಾಧನೆ ಮುಗಿದ ಮೇಲೆ ತಿಯಾಮಿಕೆ ಎಂಬ ಹುಡುಗಿ ಬಂದು ಪುಸ್ತಕದ ಕಪಾಟನ್ನೆಲ್ಲ ತಡಕಾಡಿದಳು. ಅವಳ ತಾಯಿಯನ್ನು ಮಣ್ಣು ಮಾಡಿ ತಿಂಗಳೂ ಆಗಿರಲಿಲ್ಲ.

“ಅಮ್ಮಾ, ದೇವರ ಹತ್ರ ಜಗಳ ಆಡ್ತಾಳಲ್ಲ, ಆ ಹುಡುಗಿ ಪುಸ್ತಕ ಎಲ್ಲಿ? ಅರ್ಧ ಓದಿದ್ದೆ. ಕೊನೆಗೆ ಅವಳು ಮತ್ತೆ ಪ್ರಾರ್ಥನೆ ಮಾಡ್ತಾಳಾ?” ಎಂದು ಎಲೂಬಿಯನ್ನು ಕೇಳಿದಳು.

ಯಾರೋ ಒಯ್ದಿದ್ದಾರೆ ಎಂದು ಎಲೂಬಿ ಸುಳ್ಳು ಹೇಳಿಬಿಡಬಹುದಿತ್ತು. “ಗೊತ್ತಿಲ್ಲ ಮಗಾ. ಒಂದೇ ಪುಟ ಓದಿ ಸುಟ್ಟುಬಿಟ್ಟೆ. ತಪ್ಪಾಯ್ತು.”

ಹುಡುಗಿ ಕಪಾಟಿನ ಬಾಗಿಲು ಮುಚ್ಚಿದಳು. “ನಾನೂ ಪ್ರಾರ್ಥನೆ ಬಿಟ್ಟಿದೀನಿ,” ಎಂದಳು ಆಮೇಲೆ.

ಬುದ್ಧಿಮಾತು ನಾಲಿಗೆಯ ತುದಿಗೆ ಬಂದಿತ್ತು. ಎಲೂಬಿ ಅದನ್ನು ನುಂಗಿಕೊಂಡು ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು.

“ನೀನು ಓದಿದಷ್ಟು ಕಥೆ ನಂಗೆ ಹೇಳು.”